ಸೂಕ್ಷ್ಮ ದುಂಡುಹುಳುಗಳನ್ನು ನೋಡುವುದು, ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವಾ ಕಡೆಯ ಕನ್ನಡದವರು ಮಾತಿನ ನಡುವೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದ್ದು ಮೊದಲು, ತಲೆ ಕೆರೆಸುವಂಥದ್ದು ಕೊನೆಗೆ.

## ಶುರು ಮಾಡುವ ಮುನ್ನ

ಇದು ಹೊಟ್ಟೆಯಲ್ಲಿರೋ ಜಂತುಹುಳು ತಾನೇ? ಅದನ್ನ ಮನೆಗೆ ತಂದು ನೋಡೋದೇನಿದೆ?

ಹೊಟ್ಟೆಯ ಜಂತು, ಕೊಕ್ಕೆಹುಳು, ಆನೆಕಾಲು ರೋಗ ತರುವ ಫೈಲೇರಿಯಾ ಹುಳು, ಎಲ್ಲವೂ ಇದೇ ನೆಮಟೋಡ್, ಅಂದರೆ ದುಂಡುಹುಳುವಿನ ವಂಶದವು, ನಿಜ. ನಾವು ಮಣ್ಣಿನಲ್ಲಿ, ಪಾಚಿಯಲ್ಲಿ ಹುಡುಕುವವು ಅವುಗಳ ದೂರದ ನೆಂಟರು. ಬ್ಯಾಕ್ಟೀರಿಯಾ, ಶಿಲೀಂಧ್ರ, ಗಿಡದ ಬೇರು ತಿಂದು, ಕೆಲವೊಮ್ಮೆ ಒಂದನ್ನೊಂದು ನುಂಗಿ ಬದುಕುವವು. ಹೆಚ್ಚಿನವು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಉದ್ದ, ಬಣ್ಣವಿಲ್ಲದ ಪಾರದರ್ಶಕ ಮೈ. 2019ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕವೊಂದರ ಪ್ರಕಾರ ಭೂಮಿಯ ಮೇಲ್ಮಣ್ಣಿನಲ್ಲಿರುವ ನೆಮಟೋಡುಗಳ ಸಂಖ್ಯೆ ಸುಮಾರು 44ರ ಮುಂದೆ 19 ಸೊನ್ನೆ. ಮನೆಗೆ ತರುವ ಪ್ರಶ್ನೆಯೇ ಇಲ್ಲ, ನಿಮ್ಮ ತುಳಸಿ ಕುಂಡದಲ್ಲಿ ಅವು ಆಗಲೇ ಸಂಸಾರ ಹೂಡಿವೆ.

ನಾವಿರೋದು ಡೊಂಬಿವಲಿಯ ಏಳನೇ ಮಹಡಿ. ಇಲ್ಲಿ ಎಲ್ಲಿಂದ ಸಿಗಬೇಕು?

ಹಳೆಯ ಕುಂಡವೇ ಸಾಕು. ಬೇರಿನ ಸುತ್ತ ಎರಡು ಮೂರು ಇಂಚು ಆಳದ ಮಣ್ಣು ತೆಗೆಯಿರಿ, ಮೇಲಿನ ಒಣ ಪದರ ಬೇಡ. ಹೊಸ ಕೋಕೋಪೀಟ್‌ನಲ್ಲಿ ಅಷ್ಟೇನೂ ಸಿಗದು. ಮಳೆಗಾಲದಲ್ಲಿ ಟೆರೇಸಿನ ಗೋಡೆಗೆ ಹತ್ತುವ ಹಸಿರು ಪಾಚಿ, ತಗಡಿನ ಮೇಲೆ ಕೊಳೆತ ಎಲೆ, ಕಾಂಪೋಸ್ಟ್ ಡಬ್ಬಿ ಇವೆಲ್ಲ ಒಳ್ಳೆಯ ತಾಣಗಳು. ಅಕ್ವೇರಿಯಂ ಇಟ್ಟವರ ಪರಿಚಯವಿದ್ದರೆ ಇನ್ನೂ ಸುಲಭ: ಮೀನುಮರಿಗೆ ತಿನ್ನಿಸಲು ಓಟ್ಸ್ ಮೇಲೆ ಸಾಕುವ 'ಮೈಕ್ರೋವರ್ಮ್' ಅಂದರೆ ಪ್ಯಾನಗ್ರೆಲ್ಲಸ್ ಎಂಬ ನೆಮಟೋಡ್. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಮಾತ್ರ ಅನುಮತಿ ಇಲ್ಲದೆ ಒಂದು ಚಿಟಿಕೆ ಮಣ್ಣನ್ನೂ ತರಬೇಡಿ.

ಯಾವ ಮೈಕ್ರೋಸ್ಕೋಪ್ ತಗೋಬೇಕು? ಮಗಳಿಗೆ ಬಂದ ಪ್ಲಾಸ್ಟಿಕ್‌ದು ನಡೆಯುತ್ತಾ?

ಹುಳು ಓಡಾಡುವುದನ್ನು ನೋಡಲು ನಡೆಯುತ್ತದೆ, ಯಾವ ಹುಳು ಎಂದು ತಿಳಿಯಲು ನಡೆಯದು. ಕಾಗದದ ಫೋಲ್ಡ್‌ಸ್ಕೋಪ್‌ನಲ್ಲೂ (ಅದರ ವರ್ಧನೆ ಸುಮಾರು 140 ಪಟ್ಟು) ದೇಹದ ಆಕಾರ, ಕರುಳು ಕಾಣುತ್ತವೆ. ಗುರುತಿಸುವ ಆಸೆ ಇದ್ದರೆ 4, 10, 40ರ ಗಾಜಿನ ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಮಸೂರ; ಕಣ್ಣಿನ ಕಡೆಯ 10ರ ಐಪೀಸ್ ಸೇರಿ ಒಟ್ಟು 40, 100, 400 ಪಟ್ಟು), ಮೇಲೆ ಕೆಳಗೆ ಸರಿಯುವ ಕಂಡೆನ್ಸರ್ (ಬೆಳಕು ಕೂಡಿಸುವ ಮಸೂರ), ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಡಯಾಫ್ರಮ್ ಇರುವ ಕಾಲೇಜು ಮಾದರಿಯದು ಬೇಕು. ಅಂಬಾಲಾದಲ್ಲಿ ತಯಾರಾಗುವ ಸಾದಾ ಮಾದರಿಗಳೂ ಈ ಕೆಲಸಕ್ಕೆ ಸಾಲುತ್ತವೆ. '2000 ಪಟ್ಟು' ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಹಣ ಸುರಿಯಬೇಡಿ. 100ರ ಆಯಿಲ್ ಆಬ್ಜೆಕ್ಟಿವ್ ಮೊದಲ ವರ್ಷ ಡಬ್ಬಿಯಲ್ಲೇ ಮಲಗಿರುತ್ತದೆ. ಅದೇ ಹಣಕ್ಕೆ ಒಂದು ಹಳೆಯ ಸ್ಟೀರಿಯೋ ಮೈಕ್ರೋಸ್ಕೋಪ್ ಸಿಕ್ಕರೆ ತೆಗೆದುಕೊಳ್ಳಿ, ತಟ್ಟೆಯಲ್ಲಿ ಹುಳು ಹುಡುಕಿ ಎತ್ತಲು ಅದಕ್ಕೆ ಸಾಟಿಯಿಲ್ಲ. ಸ್ಲೈಡ್, ಕವರ್‌ಸ್ಲಿಪ್, ಡ್ರಾಪರುಗಳಿಗೆ ಮುಂಬಯಿಯವರು ಪ್ರಿನ್ಸೆಸ್ ಸ್ಟ್ರೀಟ್ ಸುತ್ತಿ ಬಂದರಾಯಿತು.

ಮಣ್ಣನ್ನ ನೀರಲ್ಲಿ ಕದಡಿ ಸ್ಲೈಡ್ ಮೇಲೆ ಹಾಕ್ದೆ. ಬರೀ ಕಸ. ಹುಳು ಎಲ್ಲಿ?

ಮಣ್ಣಿನಿಂದ ಹುಳುವನ್ನು ನಾವು ಹೆಕ್ಕುವುದಲ್ಲ, ಅದು ತಾನಾಗಿ ಹೊರಬರುವಂತೆ ಮಾಡಬೇಕು. 1917ರಲ್ಲಿ ಬೇರ್ಮನ್ ಎಂಬ ವೈದ್ಯರು ಜಾವಾದಲ್ಲಿ ಮಣ್ಣಿನೊಳಗಿನ ಕೊಕ್ಕೆಹುಳುವಿನ ಮರಿಗಳನ್ನು ಹಿಡಿಯಲು ಒಂದು ಉಪಾಯ ಹೂಡಿದರು. ಲಾಳಿಕೆಯ ಕೆಳಗೆ ರಬ್ಬರ್ ಕೊಳವೆ, ಕೊಳವೆಗೆ ಕ್ಲಿಪ್, ಮೇಲೆ ಬಟ್ಟೆಯಲ್ಲಿ ಮಣ್ಣು, ಮಣ್ಣು ತೊಯ್ಯುವಷ್ಟು ನೀರು. ನೆಮಟೋಡ್ ನೀರಲ್ಲಿ ಸುಮ್ಮನೆ ಹೊರಳುತ್ತದೆ, ಈಜಿ ಮೇಲೇರುವುದು ಅದಕ್ಕೆ ಕಷ್ಟ. ನೀರಿಗಿಂತ ಭಾರವಾದ್ದರಿಂದ ಬಟ್ಟೆಯ ಸಂದಿನಿಂದ ನುಸುಳಿದ್ದು ತಳ ಸೇರುತ್ತದೆ. ಒಂದೆರಡು ದಿನ ಬಿಟ್ಟು ಕ್ಲಿಪ್ ಸಡಿಲಿಸಿದರೆ ಮೊದಲ ಹನಿಗಳಲ್ಲೇ ಹುಳುಗಳು.

ನಮ್ಮ ಸೆಕೆಗೆ ಲಾಳಿಕೆಗಿಂತ ತಟ್ಟೆ ಮೇಲು ಎನ್ನುವುದು ನನ್ನ ಅಭಿಪ್ರಾಯ. ಲಾಳಿಕೆಯ ಕೊರಳಲ್ಲಿ ನಿಂತ ನೀರಿನಲ್ಲಿ ಪ್ರಾಣವಾಯು ಬೇಗ ಮುಗಿಯುತ್ತದೆ, ಹುಳುಗಳು ಸುಸ್ತಾಗಿ ಸಾಯುತ್ತವೆ. ಹಾಗಾಗಿ ಅಗಲವಾದ ಸ್ಟೀಲ್ ತಟ್ಟೆ, ಅದರೊಳಗೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಒಂದು ಪದರ ಟಿಶ್ಯೂ ಪೇಪರ್, ಅದರ ಮೇಲೆ ಎರಡು ಮೂರು ಚಮಚ ಮಣ್ಣನ್ನು ತೆಳ್ಳಗೆ ಹರಡಿ. ಬದಿಯಿಂದ ನೀರು ಹಾಕಿ, ಮಣ್ಣು ಕೆಳಗಿನಿಂದ ತೊಯ್ದರೆ ಸಾಕು, ಮುಳುಗಬಾರದು. ಮರುದಿನ ಜಾಲರಿಯನ್ನು ಮೆಲ್ಲಗೆ ಎತ್ತಿ, ತಟ್ಟೆಯ ನೀರನ್ನು ಉದ್ದನೆಯ ಗಾಜಿನ ಲೋಟಕ್ಕೆ ಸುರಿದು ಒಂದೆರಡು ಗಂಟೆ ಅಲುಗಿಸದೆ ಬಿಡಿ. ತಳದಿಂದ ಡ್ರಾಪರಿನಲ್ಲಿ ಎಳೆದ ಹನಿಯನ್ನು 40 ಪಟ್ಟಿನಲ್ಲಿ ನೋಡಿ. ಮಣ್ಣಿನ ಚೀಲವನ್ನು ಫ್ರೀಜರಿನಲ್ಲಾಗಲಿ, ಬಿಸಿಲಿಗೆ ನಿಂತ ಕಾರಿನಲ್ಲಾಗಲಿ ಇಟ್ಟಿದ್ದರೆ ಇಷ್ಟೆಲ್ಲ ಮಾಡಿದರೂ ಸಿಗುವುದು ಸತ್ತ ಮೌನವೇ.

ಮಕ್ಕಳ ಕೈಗೆ ಕೊಡಬಹುದಾ? ಏನಾದರೂ ಅಂಟಿಕೊಂಡರೆ?

ಕುಂಡದ ಮಣ್ಣು, ಪಾಚಿ, ವಿನೆಗರ್, ಮೈಕ್ರೋವರ್ಮ್ ಇವುಗಳಲ್ಲಿ ಹೆದರುವಂಥದ್ದಿಲ್ಲ, ಆಮೇಲೆ ಸೋಪಿನಿಂದ ಕೈ ತೊಳೆದರಾಯಿತು. ನಾಯಿ ಬೆಕ್ಕು ಗಲೀಜು ಮಾಡುವ ಜಾಗದ ಮಣ್ಣು, ಮರಳು ಬೇಡವೇ ಬೇಡ: ಕೊಕ್ಕೆಹುಳುವಿನ ಮರಿಗಳು ಬರಿಯ ಚರ್ಮದ ಮೂಲಕವೇ ಒಳಹೋಗಬಲ್ಲವು. ಮಳೆಗಾಲದಲ್ಲಿ ಸೊಸೈಟಿ ಗೋಡೆ ಹತ್ತುವ ಆ ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ, ಮೆದುಳಿಗೆ ತೊಂದರೆ ಕೊಡುವ ಒಂದು ನೆಮಟೋಡ್ ಅದರಲ್ಲಿ ಇರಬಹುದು. ಮಲ ಪರೀಕ್ಷೆ ಮನೆಯ ಮೈಕ್ರೋಸ್ಕೋಪಿನ ಕೆಲಸವಲ್ಲ. ಅನುಮಾನವಿದ್ದರೆ ಡಾಕ್ಟರ ಹತ್ತಿರ ಹೋಗಿ.

## ಸ್ಲೈಡಿನ ಮೇಲೆ

ಅಲ್ಲಾಡೋದೆಲ್ಲ ನೆಮಟೋಡೇನಾ?

ಅಲ್ಲ. ಆದರೆ ನೆಮಟೋಡಿನ ನಡಿಗೆಯನ್ನು ಒಮ್ಮೆ ಕಂಡವರು ಮತ್ತೆ ತಪ್ಪುವುದು ಕಡಿಮೆ. ಅದರ ಮೈಯಲ್ಲಿ ಉದ್ದಕ್ಕೆ ಹರಿದ ಸ್ನಾಯುಗಳಿವೆ, ಎರೆಹುಳುವಿಗೆ ಇರುವಂಥ ಬಳೆಯಾಕಾರದ ಸ್ನಾಯುಗಳಿಲ್ಲ. ಒಳಗೆ ಒತ್ತಡದಲ್ಲಿರುವ ದ್ರವ, ಹೊರಗೆ ಬಿಗಿಯಾದ ಹೊದಿಕೆ. ಆದ್ದರಿಂದ ಅದು ಹಿಗ್ಗಿ ಕುಗ್ಗಲಾರದು, ಒಂದೇ ಸಮತಲದಲ್ಲಿ ಬಳುಕಬಲ್ಲದು ಅಷ್ಟೆ. ಬಳುಕು ಬೆನ್ನು ಹೊಟ್ಟೆಯ ದಿಕ್ಕಿನದು. ಹಾಗಾಗಿ ಸ್ಲೈಡಿನ ಮೇಲೆ ಅದು ಮಗ್ಗುಲಾಗಿ ಮಲಗಿಯೇ ಓಡುತ್ತದೆ, ನಮಗೆ ಸದಾ ಪಕ್ಕದ ನೋಟವೇ ಸಿಗುತ್ತದೆ.

ಉದ್ದ ಚಾಚಿ ಮುದುಡಿ, ಬಾಯಲ್ಲಿ ಚಕ್ರ ತಿರುಗಿಸಿದರೆ ರೋಟಿಫರ್. ಬಳುಕದೆ ಜಾರುತ್ತ ಹೋದರೆ, ಕವಲು ಬಾಲವಿದ್ದರೆ ಗ್ಯಾಸ್ಟ್ರೋಟ್ರಿಕ್. ಮೈಯಲ್ಲಿ ಕಂತುಗಳು, ಬದಿಗೆ ಬಿರುಗೂದಲ ಗೊಂಚಲು ಇದ್ದರೆ ಎರೆಹುಳುವಿನ ಸಣ್ಣ ಬಂಧು. ಅಕ್ವೇರಿಯಂ ಗಾಜಿನ ಮೇಲೆ ಕಂಡು ಜನ ಗಾಬರಿಯಾಗುವುದು ಹೆಚ್ಚಾಗಿ ಇದನ್ನೇ. ತಲೆ ಬೇರೆಯಾಗಿ ಕಂಡರೆ, ಕಣ್ಣಿನ ಚುಕ್ಕೆ ಇದ್ದರೆ ಅದು ಯಾವುದೋ ನೊಣದ ಮರಿ. ಅಲ್ಲಾಡದ ನುಣುಪು ದಾರ ನಿಮ್ಮ ಬಟ್ಟೆಯದು.

ಒಂದು ಕ್ಷಣ ನಿಲ್ಲಲ್ಲ. ಫೋಟೋ ತೆಗೆಯೋದು ಹೇಗೆ?

ಮೊದಲು ನೀರು ಕಡಿಮೆ ಮಾಡಿ. ಕವರ್‌ಸ್ಲಿಪ್ಪಿನ ಅಂಚಿಗೆ ಟಿಶ್ಯೂ ಮೂಲೆ ತಾಗಿಸಿ ನೀರು ಹೀರಿದರೆ ಹುಳು ಗಾಜಿನ ನಡುವೆ ಸಿಕ್ಕಿಕೊಂಡು ನಿಧಾನವಾಗುತ್ತದೆ. ಪೂರ್ತಿ ಹೀರಿದರೆ ಒಡೆದುಹೋಗುತ್ತದೆ. ಸ್ಲೈಡನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೂ ಅದಕ್ಕೆ ಮಂಪರು, ಆದರೆ ದೀಪದ ಬಿಸಿಗೆ ಬೇಗ ಎಚ್ಚರಾಗುತ್ತದೆ.

ಗುರುತಿಸಲು ಕೂರುವವರು ಅದನ್ನು ಶಾಖದಿಂದ ಕೊಲ್ಲಬೇಕಾಗುತ್ತದೆ. ಸಣ್ಣ ಸೀಸೆಯಲ್ಲಿ ಹುಳುವಿರುವ ನೀರಿಗೆ ಅಷ್ಟೇ ಪ್ರಮಾಣದ ಕುದಿನೀರು ಸುರಿಯಿರಿ. ನಮ್ಮ 30 ಡಿಗ್ರಿ ನೀರಿಗೆ ಅದು ಸೇರಿದರೆ 60ರಿಂದ 65 ಡಿಗ್ರಿ ಆಗುತ್ತದೆ, ಬೇಕಾದದ್ದೂ ಅಷ್ಟೇ. ಹೀಗೆ ಸತ್ತ ಹುಳು ತನ್ನ ಕುಲಕ್ಕೆ ತಕ್ಕ ಭಂಗಿಯಲ್ಲಿ ನಿಲ್ಲುತ್ತದೆ: ಹೆಲಿಕೋಟೈಲೆಂಕಸ್ ಸುರುಳಿಯಾಗುತ್ತದೆ, ಹೊಪ್ಲೊಲೈಮಸ್ ನೆಟ್ಟಗಾಗುತ್ತದೆ. ಭಂಗಿಯೇ ಅರ್ಧ ಗುರುತು. ಒಂದೇ ಹುಳುವನ್ನು ಎತ್ತಿ ಬೇರೆ ಹನಿಗೆ ಹಾಕಲು ಹಲ್ಲುಕಡ್ಡಿಯ ತುದಿಗೆ ಅಂಟಿಸಿದ ಕಣ್ಣಿನ ರೆಪ್ಪೆಯ ಕೂದಲಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಗಾಜಿನ ಕಡ್ಡಿ ಥರ ಕಾಣುತ್ತೆ ಸರ್, ಒಳಗೆ ಏನೂ ಕಾಣಲ್ಲ. ಲೆನ್ಸ್ ಸರಿ ಇಲ್ವಾ?

ಲೆನ್ಸ್ ಅಲ್ಲ, ಬೆಳಕು ಜಾಸ್ತಿಯಾಗಿದೆ. ಬಣ್ಣವಿಲ್ಲದ ಜೀವಿಗೆ ಪೂರ್ತಿ ತೆರೆದ ಡಯಾಫ್ರಮ್ ಶತ್ರು. ಕಾಲು ಭಾಗ ತೆರೆದಿರುವಂತೆ ಮುಚ್ಚುತ್ತ ಬನ್ನಿ, ಕರುಳಿನ ಕಣಗಳು, ಗಂಟಲಿನ ಉಬ್ಬು ತಾವಾಗಿ ಮೇಲೆದ್ದು ಬರುತ್ತವೆ. ಕಂಡೆನ್ಸರಿನ ಕೆಳಗೆ ಫಿಲ್ಟರ್ ಇಡುವ ಬಳೆ ಇದ್ದರೆ ಅದರ ಅರ್ಧಕ್ಕೆ ಕಪ್ಪು ಕಾಗದ ಅಡ್ಡ ಇಡಿ. ಓರೆ ಬೆಳಕಿನಲ್ಲಿ ಮೈಮೇಲಿನ ಉಂಗುರದ ಗೆರೆಗಳೂ ಕಾಣುತ್ತವೆ. ನಡುವೆ ದುಂಡನೆಯ ಕಪ್ಪು ಚುಕ್ಕೆ ಅಂಟಿಸಿದರೆ 4 ಮತ್ತು 10ರ ಆಬ್ಜೆಕ್ಟಿವ್‌ನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹೊಳೆಯುವ ಹುಳು. ಚುಕ್ಕೆಯನ್ನು ದೊಡ್ಡದಾಗಿ ಕತ್ತರಿಸಿ, ಸರಿಹೋಗುವವರೆಗೆ ಅಂಚು ಸವರುತ್ತ ಬನ್ನಿ.

40ರ ಆಬ್ಜೆಕ್ಟಿವ್‌ನಲ್ಲಿ ಮಂಜು ಮಂಜಾಗಿ ಕಂಡರೆ ಹನಿ ದಪ್ಪವಾಗಿದೆ ಎಂದರ್ಥ. ಆ ಲೆನ್ಸನ್ನು 0.17 ಮಿ.ಮೀ. ಕವರ್‌ಸ್ಲಿಪ್ಪಿಗೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ.

ವಾಸ್ಕೋದಲ್ಲಿ ಪಕ್ಕದ ಮನೆಯವರು ತೆಂಗಿನ ಸುರೆಯ ವಿನೆಗರ್ ಕೊಟ್ಟರು. ಬಾಟಲಿಯ ಕತ್ತಿನಲ್ಲಿ ಏನೋ ಮಿಣಮಿಣ ಅನ್ನುತ್ತಿದೆ!

ನಿಮ್ಮ ಅದೃಷ್ಟ. ಅದು ವಿನೆಗರ್ ಹುಳು, ಟರ್ಬಾಟ್ರಿಕ್ಸ್ ಅಸೆಟಿ, ಇರುವ ಸಂಭವ ಹೆಚ್ಚು. 1656ರಷ್ಟು ಹಿಂದೆಯೇ ಯುರೋಪಿನಲ್ಲಿ ಇದನ್ನು ಕಂಡು ದಾಖಲಿಸಿದ್ದಾರೆ. ಕಾಯಿಸದೆ, ಸೋಸದೆ ಇಟ್ಟ ಮನೆ ವಿನೆಗರಿನಲ್ಲಿ ಬ್ಯಾಕ್ಟೀರಿಯಾ ಮೇಯ್ದು ಬದುಕುತ್ತದೆ. ಎರಡು ಮಿಲಿಮೀಟರಿನವರೆಗೆ ಬೆಳೆಯುವುದರಿಂದ ಟಾರ್ಚ್ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ತಿಂದವರಿಗೆ ಏನೂ ಆಗದು. ಮನಸ್ಸಿಗೆ ಹಿಡಿಸದಿದ್ದರೆ ಕಾಯಿಸಿ ಸೋಸಿ.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹುಳುವಿಲ್ಲ. ತಾಯಿ ಮೊಟ್ಟೆ ಇಡದೆ ಮರಿಯನ್ನೇ ಹೆರುವುದರಿಂದ 100 ಪಟ್ಟಿನಲ್ಲಿ ಅದರ ಹೊಟ್ಟೆಯೊಳಗೆ ಹೊರಳುವ ಮರಿಗಳು ಕಾಣುತ್ತವೆ. ಹುಳುವನ್ನು ಶುದ್ಧ ನೀರಿಗೆ ತರಲು ಸಪೂರ ಕತ್ತಿನ ಬಾಟಲಿಯಲ್ಲಿ ಕತ್ತಿನವರೆಗೆ ವಿನೆಗರ್ ತುಂಬಿ, ಹತ್ತಿಯ ಬಿರಡೆ ಇಳಿಸಿ, ಮೇಲೆ ನೀರು ಹಾಕಿ. ಗಾಳಿ ಹುಡುಕುತ್ತ ಅವು ಹತ್ತಿಯ ಮೂಲಕ ಮೇಲಕ್ಕೆ ಬರುತ್ತವೆ. ಮಣ್ಣಿನ ಹುಳುಗಳಿಗಿಂತ ಇದು ಈಜಿನಲ್ಲಿ ಗಟ್ಟಿ.

## ಯಾವ ಹುಳು ಎಂದು ತಿಳಿಯಲು

ವಿಡಿಯೋ ಕಳಿಸಿದ್ದೇನೆ, ಹೆಸರು ಹೇಳಿ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳಿದವರಿಗೆ ಅತಿ ಹೆಚ್ಚು ಬೇಸರ ತರುವ ಉತ್ತರವೂ ಇದರದ್ದೇ: 40 ಪಟ್ಟಿನ ವಿಡಿಯೋದಿಂದ ಹೇಳಲಾಗದು. ಹೆಸರಿನ ಹಿಂದೆ ಓಡುವ ಮೊದಲು ಅದು ಏನು ತಿನ್ನುತ್ತದೆ ಎಂದು ಕೇಳಿ. ಅದಕ್ಕೆ ಉತ್ತರ ಬಾಯಲ್ಲೇ ಇದೆ, 400 ಪಟ್ಟಿನಲ್ಲಿ ಕಾಣುತ್ತದೆ.

ಬಾಯಿ ಬರಿಯ ಟೊಳ್ಳು ಕೊಳವೆಯಾಗಿದ್ದರೆ ಅದು ಬ್ಯಾಕ್ಟೀರಿಯಾ ಹೀರುವುದು. ಕಾಂಪೋಸ್ಟಿನಲ್ಲಿ ಸಿಗುವ ರ‍್ಯಾಬ್ಡಿಟಿಡ್ ಗುಂಪು ಹೀಗೆ. ಗಂಟಲ ಕೊನೆಯ ಉಬ್ಬಿನಲ್ಲಿ ಅರೆಯುವ ಕವಾಟ ಪಟಪಟ ಬಡಿಯುವುದು ಜೀವಂತ ಹುಳುವಿನಲ್ಲಿ ಚೆನ್ನಾಗಿ ಕಾಣುತ್ತದೆ. ಬಾಯೊಳಗೆ ಸಣ್ಣ ಈಟಿ, ಈಟಿಯ ಬುಡದಲ್ಲಿ ಮೂರು ಗುಬುಟು, ಗಂಟಲ ನಡುವೆ ದುಂಡನೆಯ ಉಬ್ಬು ಇದ್ದರೆ ಅದು ಟೈಲೆಂಕಿಡ್: ಗಿಡದ ಬೇರನ್ನೋ ಶಿಲೀಂಧ್ರದ ಎಳೆಯನ್ನೋ ಚುಚ್ಚಿ ಕುಡಿಯುವುದು. ಈಟಿ ಇದ್ದೂ ಗುಬುಟಿಲ್ಲದೆ, ತುದಿ ಲೇಖನಿಯ ಮೊನೆಯ ಹಾಗೆ ಓರೆಯಾಗಿ ಕೊಯ್ದಿದ್ದರೆ ಡೊರಿಲೈಮಿಡ್. ಇವು ದೊಡ್ಡವು, ನಿಧಾನಿಗಳು, ಗಂಟಲಿನ ಮುಂಭಾಗ ಸಪೂರ, ಹಿಂಭಾಗ ದಪ್ಪ. ಪೀಪಾಯಿಯಂಥ ಅಗಲ ಬಾಯಿ, ಅದರಲ್ಲಿ ಎದ್ದು ಕಾಣುವ ಹಲ್ಲು ಇದ್ದರೆ ಮೊನೊಂಕಿಡ್, ಬೇಟೆಗಾರ. ಅದರ ಕರುಳಿನಲ್ಲಿ ನುಂಗಿದ ಇನ್ನೊಂದು ನೆಮಟೋಡ್ ಕಂಡರೆ ಆ ದಿನ ಮನೆಯವರನ್ನೆಲ್ಲ ಕರೆದು ತೋರಿಸಿ.

ಆಮೇಲೆ ಬಾಲ: ದಾರದಂತೆಯೋ, ಚೂಪೋ, ಮೊಂಡೋ. ಗಂಡಿನ ಬಾಲದ ಹತ್ತಿರ ಬಾಗಿದ ಒಂದು ಜೊತೆ ಮುಳ್ಳು, ಕೆಲವದರಲ್ಲಿ ಪಕ್ಕಕ್ಕೆ ಪೊರೆಯ ರೆಕ್ಕೆ. ಹೆಣ್ಣಿನ ಹೊಟ್ಟೆಯ ಬದಿಯಲ್ಲಿ ಅಡ್ಡ ಸೀಳು. ಇವೆರಡೂ ಇಲ್ಲದಿದ್ದರೆ ಅದು ಮರಿ. ನಾಲ್ಕು ಸಲ ಪೊರೆ ಕಳಚಿದ ಮೇಲೇ ನೆಮಟೋಡ್ ಬೆಳೆದ ಹುಳು, ಅಲ್ಲಿಯವರೆಗಿನದಕ್ಕೆ ಜಾತಿಯ ಹೆಸರು ಹೇಳುವವರನ್ನು ನಂಬಬೇಡಿ.

ಅಳತೆ ಯಾಕೆ ಬೇಕು? ಹೇಗೆ ತಗೊಳ್ಳೋದು?

ಡಚ್ ವಿಜ್ಞಾನಿ ಡಿ ಮಾನ್ ಹಾಕಿಕೊಟ್ಟ ಅನುಪಾತಗಳನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ: ಉದ್ದವನ್ನು ಅಗಲದಿಂದ, ಗಂಟಲಿನ ಉದ್ದದಿಂದ, ಬಾಲದ ಉದ್ದದಿಂದ ಭಾಗಿಸುವುದು. ಜೊತೆಗೆ ಹೆಣ್ಣಿನ ಸೀಳು ತಲೆಯಿಂದ ಶೇಕಡಾ ಎಷ್ಟು ದೂರದಲ್ಲಿದೆ ಎಂಬುದು. ಐಪೀಸಿನೊಳಗಿನ ಅಳತೆಪಟ್ಟಿಯನ್ನು ಸ್ಟೇಜ್ ಮೈಕ್ರೋಮೀಟರ್ ಸ್ಲೈಡಿಗೆ (ಗೊತ್ತಾದ ಅಳತೆಯ ಗೆರೆ ಕೊರೆದ ಗಾಜು) ಒಮ್ಮೆ ಹೊಂದಿಸಿಕೊಂಡರೆ ಸಾಕು. ಅದಿಲ್ಲದಿದ್ದರೆ ಅಂದಾಜಿಗೆ ಹೀಗೆ: ಐಪೀಸಿನ ಮೇಲೆ 18 ಎಂದು ಬರೆದಿದ್ದರೆ ಅದನ್ನು ಆಬ್ಜೆಕ್ಟಿವ್ ಸಂಖ್ಯೆಯಿಂದ ಭಾಗಿಸಿ. 10ರಲ್ಲಿ ಕಾಣುವ ವೃತ್ತದ ಅಗಲ 1.8 ಮಿ.ಮೀ., 40ರಲ್ಲಿ 0.45 ಮಿ.ಮೀ. ಬಳುಕಿದ ಹುಳುವಿನ ಉದ್ದವನ್ನು ಮೈಯ ನಡುಗೆರೆಯ ಗುಂಟ ಅಳೆಯಬೇಕು, ತುದಿಯಿಂದ ತುದಿಗೆ ಅಲ್ಲ.

ಕುಂಡದಾಗಿನ ಬದನಿ ಗಿಡದ ಬೇರಿಗೆ ಗಂಟ ಆಗ್ಯಾವ್ರಿ. ಇದು ನೆಮಟೋಡೇ ಏನ್ರಿ?

ಪುಣೆಯಿಂದ ಬಂದ ಈ ಪ್ರಶ್ನೆಗೆ ಉತ್ತರ: ಹೌದು, ಬಹುಶಃ ಬೇರುಗಂಟು ಹುಳು, ಮೆಲಾಯ್ಡೊಗೈನಿ. ಬದನೆ, ಟೊಮೆಟೊ, ಬೆಂಡೆ, ತುಳಸಿ ಯಾವುದನ್ನೂ ಬಿಡದು. ಅವರೆ, ಶೇಂಗಾ ಜಾತಿಯ ಬೇರಿನ ಒಳ್ಳೆಯ ಗಂಟುಗಳು ಉಗುರಿಗೆ ಸುಲಭವಾಗಿ ಕಳಚಿ ಬರುತ್ತವೆ, ಒಳಗೆ ನಸುಗೆಂಪು. ಇದು ಹಾಗಲ್ಲ, ಬೇರೇ ಊದಿಕೊಂಡಿರುತ್ತದೆ. ಗಂಟನ್ನು ನೀರಿನಲ್ಲಿಟ್ಟು ಸೂಜಿಯಿಂದ ಬಿಡಿಸಿದರೆ ಬಿಳಿಯ ಮುತ್ತಿನಂಥ ಹೆಣ್ಣು ಸಿಗುತ್ತದೆ, ಹುಳುವಿನ ಆಕಾರವೇ ಇಲ್ಲ, ಕೊರಳುಳ್ಳ ಚೀಲ. ಅದರ ಹಿಂದೆ ಅಂಟಿನ ಮುದ್ದೆಯಲ್ಲಿ ನೂರಾರು ಮೊಟ್ಟೆ. ಕೇಕಿಗೆ ಹಾಕುವ ಕೆಂಪು ಬಣ್ಣದ ನೀರಿನಲ್ಲಿ ಬೇರನ್ನು ಅದ್ದಿದರೆ ಮೊಟ್ಟೆಯ ಮುದ್ದೆಗಳು ಬಣ್ಣ ಹೀರಿ ಎದ್ದು ಕಾಣುತ್ತವೆ. ಮಣ್ಣಿನಲ್ಲಿ ಸಿಗುವುದು ಸುಮಾರು 0.4 ಮಿ.ಮೀ. ಉದ್ದದ, ಸಣ್ಣ ಈಟಿಯ ಮರಿ. ಒಳಗಿನ ಜಾತಿ ತಿಳಿಯಲು ಹೆಣ್ಣಿನ ಹಿಂಭಾಗದ ಚರ್ಮವನ್ನು ಕತ್ತರಿಸಿ ಬೆರಳಚ್ಚು ಓದಿದಂತೆ ಗೆರೆ ಓದಬೇಕು, ಅದು ಪಳಗಿದ ಕೈಯ ಕೆಲಸ. ಗಿಡದ ಗತಿ? ಬೇರುಸಮೇತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಮಣ್ಣನ್ನು ಮೇ ತಿಂಗಳ ಬಿಸಿಲಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಕಾಯಿಸಿ.

ಬಾಲ್ಕನಿ ಸಾಕು ಅನಿಸಿದೆ. ಬೀಚಿನ ಮರಳಿನಲ್ಲಿ ಏನಿದೆ?

ಮಣ್ಣಿನ ಹುಳು ನೋಡಿ ಬೇಸತ್ತವರಿಗೆ ಇದು ಬೇರೆಯದೇ ಲೋಕ. ಭರತ ಇಳಿದಾಗ ಒದ್ದೆ ಮರಳು ಒಂದು ಹಿಡಿ, ಅದೇ ಜಾಗದ ಸಮುದ್ರದ ನೀರು ಒಂದು ಬಾಟಲಿ. ಮರಳನ್ನು ಲೋಟದಲ್ಲಿ ಗಿರಗಿರ ತಿರುಗಿಸಿ, ಮರಳು ಕೂತ ತಕ್ಷಣ ಮೇಲಿನ ನೀರನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಸಮುದ್ರದ ನೀರಿನಲ್ಲೇ ತೊಳೆಯಿರಿ. ನಲ್ಲಿ ನೀರು ತಾಗಿದರೆ ಹುಳುಗಳು ಊದಿ ಸಾಯುತ್ತವೆ. ಇವುಗಳ ಮೈಮೇಲೆ ಉದ್ದ ಕೂದಲು, ತಲೆಯ ಬದಿಗೆ ಸುರುಳಿಯೋ ವೃತ್ತವೋ ಆಗಿ ಕಾಣುವ ವಾಸನೆಯ ಅಂಗ, ಕೆಲವಕ್ಕೆ ಚುಕ್ಕೆಗಳ ಸಾಲಿನ ಅಲಂಕಾರ. ಬಾಲದ ತುದಿಯಿಂದ ಅಂಟು ಸುರಿಸಿ ಮರಳಿನ ಕಣಕ್ಕೆ ಕಚ್ಚಿಕೊಂಡು ತಲೆಯಾಡಿಸುವುದನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯದು. ಬಾಯಿ ನೋಡಿ ಇವನ್ನು ನಾಲ್ಕು ಗುಂಪು ಮಾಡುವ ಕ್ರಮವನ್ನು ವೀಸರ್ ಎಂಬ ವಿಜ್ಞಾನಿ 1953ರಲ್ಲಿ ಕೊಟ್ಟರು, ಹವ್ಯಾಸಿಗಳಿಗೆ ಅದು ಸಾಕಷ್ಟಾಯಿತು. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೇ ಇದೆ, ವಿದ್ಯಾರ್ಥಿಗಳು ನೆನಪಿಡಬೇಕು. ಕಾಂದಳ (ಮ್ಯಾಂಗ್ರೋವ್) ಕಾಡಿನ ಕೆಸರಿಗೆ ಕೈ ಹಾಕುವ ಮುನ್ನ ಅನುಮತಿ ಕೇಳಿ.

## ಇನ್ನೂ ಮುಂದೆ ಹೋಗುವವರಿಗೆ

ಜಾತಿ ಹೆಸರು ಸಿಗದಿದ್ದರೆ ಇಷ್ಟೆಲ್ಲ ಮಾಡಿ ಏನು ಉಪಯೋಗ?

ಗುಂಪು ಗೊತ್ತಾದರೆ ಮಣ್ಣಿನ ಜಾತಕ ಸಿಗುತ್ತದೆ. 1990ರಲ್ಲಿ ಬೋಂಗರ್ಸ್ ಎಂಬವರು ನೆಮಟೋಡ್ ಕುಟುಂಬಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟರು. ಗೊಬ್ಬರ ಬಿದ್ದ ಕೂಡಲೇ ನುಗ್ಗಿ ಹೆಚ್ಚುವ ರ‍್ಯಾಬ್ಡಿಟಿಡ್‌ಗಳಿಗೆ 1. ನಿಧಾನವಾಗಿ ಬೆಳೆದು, ಕೆದಕಿದರೆ ಮಾಯವಾಗುವ ಮೊನೊಂಕಿಡ್, ಡೊರಿಲೈಮಿಡ್‌ಗಳಿಗೆ 4, 5. ಹುಳುಗಳ ಅಂಕದ ಸರಾಸರಿ ತೆಗೆದರೆ ಆ ಮಣ್ಣು ಎಷ್ಟು ಕಾಲದಿಂದ ನೆಮ್ಮದಿಯಾಗಿದೆ ಎಂಬ ಅಂದಾಜು. ನಿಮ್ಮ ಕುಂಡ ಒಂದು, ಸೊಸೈಟಿಯ ಹಳೆಯ ಆಲದ ಮರದ ಬುಡ ಇನ್ನೊಂದು. ಎರಡರಿಂದಲೂ ನೂರು ನೂರು ಹುಳು ಎಣಿಸಿ ನೋಡಿ.

ಜಿರಲೆಯ ಒಳಗೂ ಇರುತ್ತವಂತೆ, ಹೌದಾ?

ಹೌದು, ಮುಂಬಯಿಯ ದೊಡ್ಡ ಕಂದು ಜಿರಲೆಯ ಹಿಂಗರುಳಿನಲ್ಲಿ ಲೈಡಿನೀಮಾ ಮುಂತಾದ ಸೂಜಿಬಾಲದ ಹುಳುಗಳು ಸಾಮಾನ್ಯ. ಮನುಷ್ಯರಿಗೆ ಅಂಟುವವಲ್ಲ. ಸತ್ತ ತಕ್ಷಣದ ಜಿರಲೆ, ಸ್ವಲ್ಪ ಉಪ್ಪು ಬೆರೆತ ನೀರು, ಎರಡು ಸೂಜಿ ಇದ್ದರಾಯಿತು. ಕೀಟನಾಶಕಕ್ಕೆ ಬಲಿಯಾದದ್ದು ಬೇಡ.

ಅಸಹ್ಯ ಅನಿಸಿದವರಿಗೆ ಔದುಂಬರ ಇದೆ. ಅತ್ತಿಹಣ್ಣಿನೊಳಗಿನ ಪುಟ್ಟ ಕಣಜಗಳ ಮೈಯೇರಿ ನೆಮಟೋಡುಗಳು ಹಣ್ಣಿನಿಂದ ಹಣ್ಣಿಗೆ ಸವಾರಿ ಹೋಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಮೇಲೆ ಸೊಗಸಾದ ಕೆಲಸ ನಡೆದಿದೆ. ಹಣ್ಣನ್ನು ನೀರಿನಲ್ಲಿ ಸೀಳಿದರೆ ಕಣಜ, ಹುಳು ಎರಡೂ ಸಿಗುತ್ತವೆ.

ಬೇಸಿಗೆಯಲ್ಲಿ ಒಣಗಿದ ಪಾಚಿ ತಂದು ನೀರು ಹಾಕಿದೆ. ಎರಡೇ ಗಂಟೆಯಲ್ಲಿ ಹುಳು ಓಡಾಡ್ತಾ ಇವೆ. ಮೊಟ್ಟೆ ಒಡೆದು ಬಂದವಾ?

ಇಲ್ಲ, ಅವೇ ಹುಳುಗಳು. ನಿಧಾನವಾಗಿ ಒಣಗುವಾಗ ಸುರುಳಿ ಸುತ್ತಿಕೊಂಡು, ಮೈಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ತುಂಬಿಕೊಂಡು ಜೀವದ ಕೆಲಸವನ್ನೆಲ್ಲ ನಿಲ್ಲಿಸಿಬಿಡುತ್ತವೆ. ನೀಡ್‌ಹ್ಯಾಮ್ ಎಂಬ ವಿಜ್ಞಾನಿ 1743ರಲ್ಲಿ ಗೋಧಿಯ ಕಪ್ಪು ಗಂಟುಗಳಿಗೆ ನೀರು ಹಾಕಿ ಇದನ್ನೇ ಕಂಡರು. ಸೈಬೀರಿಯಾದ ಹೆಪ್ಪುಮಣ್ಣಿನಲ್ಲಿ ಸುಮಾರು 46,000 ವರ್ಷ ಇದ್ದ ಒಂದು ಪ್ಯಾನಗ್ರೊಲೈಮಸ್ ಎದ್ದು ಮರಿ ಮಾಡಿದ್ದನ್ನು 2023ರಲ್ಲಿ ವರದಿ ಮಾಡಿದ್ದಾರೆ. ಎಲ್ಲ ನೆಮಟೋಡಿಗೂ ಈ ವಿದ್ಯೆ ಬರುವುದಿಲ್ಲ. ದಿಢೀರನೆ ಒಣಗಿಸಿದರೆ ಬರುವವೂ ಸಾಯುತ್ತವೆ.

ಸ್ಲೈಡನ್ನ ಕಾಯಂ ಇಟ್ಟುಕೊಳ್ಳಬಹುದಾ?

ಕೆಲವು ದಿನಕ್ಕಾದರೆ ಕವರ್‌ಸ್ಲಿಪ್ಪಿನ ಸುತ್ತ ನೇಲ್ ಪಾಲಿಶ್. ವರ್ಷಗಟ್ಟಲೆ ಬೇಕಾದರೆ ಫಾರ್ಮಲಿನ್, ಗ್ಲಿಸರಿನ್ ದಾರಿ. ಫಾರ್ಮಲಿನ್ ಅಡುಗೆಮನೆಯ ವಸ್ತುವಲ್ಲ, ಕಾಲೇಜಿನ ಲ್ಯಾಬಿನಲ್ಲಿ ಮಾಡಿ. ಒಳ್ಳೆಯ ಫೋಟೋ, ಪಕ್ಕದಲ್ಲಿ ಪೆನ್ಸಿಲ್ ಚಿತ್ರ, ಅಳತೆ ಇದ್ದರೆ ಹವ್ಯಾಸಿಗೆ ಧಾರಾಳ.

ನೊಬೆಲ್ ತಂದುಕೊಟ್ಟ ಆ ಎಲೆಗನ್ಸ್ ಹುಳು ನನ್ನ ಕುಂಡದಲ್ಲಿ ಸಿಗುತ್ತಾ?

ಕುಂಡದ ಮಣ್ಣಿನಲ್ಲಿ ಹುಡುಕಬೇಡಿ. ಸೀನೋರ‍್ಯಾಬ್ಡಿಟಿಸ್ ಎಲೆಗನ್ಸ್ ನಿಜವಾಗಿ ಹೆಚ್ಚುವುದು ಕೊಳೆಯುವ ಹಣ್ಣು, ಕಾಂಡಗಳಲ್ಲಿ. ವಿಜ್ಞಾನಿ ಸಿಡ್ನಿ ಬ್ರೆನ್ನರ್ ಅದನ್ನು ಆರಿಸಿಕೊಂಡದ್ದು ಒಂದು ಮಿಲಿಮೀಟರಿನ ಪಾರದರ್ಶಕ ಮೈ, ಮೂರು ದಿನಗಳ ತಲೆಮಾರು, ಎಣಿಸಬಹುದಾದ 302 ನರಕೋಶಗಳು ಇವುಗಳಿಗಾಗಿ. 2002ರ ನೊಬೆಲ್ ಅದರಿಂದ ಬಂತು, ಆಮೇಲೂ ಬಂದವು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರಕೋಶಗಳ ಅಧ್ಯಯನಕ್ಕೆ ಇದೇ ಹುಳುವನ್ನು ಬಳಸುತ್ತಾರೆ.

ನಮ್ಮ ಹವೆಗೆ ಹೆಚ್ಚು ಒಗ್ಗುವುದು ಅದರ ಸೋದರ ಬ್ರಿಗ್ಸೇ. ಲೋಕದ ಲ್ಯಾಬುಗಳೆಲ್ಲ ಬಳಸುವ ಬ್ರಿಗ್ಸೇಯ ಎಎಫ್16 ತಳಿ ಸಿಕ್ಕಿದ್ದೇ ಅಹಮದಾಬಾದಿನಲ್ಲಿ. ನೆಲಕ್ಕೆ ಬಿದ್ದು ಕೊಳೆತ ಹಣ್ಣಿನ ಚೂರನ್ನು ಒದ್ದೆ ಟಿಶ್ಯೂ ಮೇಲಿಟ್ಟು, ಕೆಲವು ಗಂಟೆ ಬಿಟ್ಟು ಸುತ್ತಲಿನ ತೇವವನ್ನು ನೋಡಿ. ಗಂಟಲಲ್ಲಿ ಎರಡು ಉಬ್ಬು, ಮೈಯ ನಡುಮಧ್ಯೆ ಸೀಳು, ಚೂಪು ಬಾಲ, ಗಂಡು ಸಿಗುವುದೇ ಅಪರೂಪ ಎಂದಾದರೆ ಈ ಇಬ್ಬರಲ್ಲಿ ಒಬ್ಬರಿರಬಹುದು. ಯಾರು ಎಂದು ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು, ಅದಕ್ಕೆ ಗೊತ್ತಿರುವ ತಳಿಯೊಡನೆ ಕೂಡಿಸಿ ನೋಡಬೇಕು ಅಥವಾ ಡಿಎನ್ಎ ಓದಿಸಬೇಕು. ನೋಟುಬುಕ್ಕಿನಲ್ಲಿ 'ಸೀನೋರ‍್ಯಾಬ್ಡಿಟಿಸ್, ಜಾತಿ ತಿಳಿಯದು' ಎಂದು ಬರೆದುಕೊಳ್ಳಿ.